ಮೈಸೂರು ಪಾಕಿನ ಬಸಿರು

"ಈ ಸಲ ತವರಮನಿಗಿ ಹೋದರ ವಿಮಾನದಾಗೇ ಹೋಗ್ತೀನಿ! ಇಲ್ಲಂದ್ರ ಹೋಗೂದೇ ಇಲ್ಲ!"

ನಾನು ಹೀಗೆ ಘೋಷಿಸಿದಾಗ ನಮ್ಮವರು ಊಟಕ್ಕೆ ಕುಳಿತಿದ್ದರು. ಬಾಯಿಯತ್ತ ಹೊರಟಿದ್ದ ರೊಟ್ಟಿಯ ತುತ್ತು ಅರ್ಧದಾರಿಯಲ್ಲೇ ನಿಂತಿತು.

ನಾಡು ಒಂದಾದ ಮರುವರ್ಷದ ಮಾತು ಇದು. ನಮ್ಮ ಯಜಮಾನರು ಭಗವಂತರಾಯರು ಅದುವರೆಗೆ ಶಹಾಪುರದ ತಹಸೀಲ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಿಜಾಮರ ಕಾಲದ ಕಡತಗಳೆಲ್ಲ ಉರ್ದುವಿನಲ್ಲಿದ್ದವಲ್ಲ, ಅವು ಗಂಟುಗಂಟಾಗಿ ಬೆಂಗಳೂರು ಸೇರಿದಾಗ ಅಲ್ಲಿನ ದೊಡ್ಡ ದೊಡ್ಡ ಸಾಹೇಬರು ಒಂದೊಂದನ್ನೂ ಎಡಗಡೆಯಿಂದ ತೆರೆದು, ಬಲಗಡೆಯಿಂದ ತೆರೆದು, ಕೊನೆಗೆ ತಲೆಕೆಳಗು ಹಿಡಿದೂ ನೋಡಿದರಂತೆ. ಅಕ್ಷರ ಮಣಿಯಲಿಲ್ಲ! "ಇದನ್ನು ಓದಬಲ್ಲ ಪ್ರಾಣಿಯೊಂದನ್ನು ಕಳಿಸಿ" ಎಂದು ಹುಕುಂ ಹೋಯಿತು. ಹಾಗೆ ಬಂದ ಪ್ರಾಣಿಯೇ ನಮ್ಮವರು. ಅವರ ಹಿಂದೆ ನಾನು ರೇಣಮ್ಮ, ಐದು ವರ್ಷದ ಮಗಳು ನೀಲಾ, ಮೂರು ವರ್ಷದ ಮಗ ಮಾನು. ಮೂರನೆಯದು ಬೆಂಗಳೂರಿಗೆ ಬಂದ ಮೇಲೆ ಹೊಟ್ಟೆ ಸೇರಿತ್ತು. ಆಗ ಆರು ತಿಂಗಳು.

ಹೆರಿಗೆಗೆಂದು ಶಹಾಪುರದ ಹತ್ತಿರದ ವನದುರ್ಗಕ್ಕೆ, ನನ್ನ ತವರಿಗೆ, ಹೊರಡಬೇಕಾಗಿತ್ತು. ರೈಲಿನಲ್ಲೇ ಹೊರಡುತ್ತಿದ್ದೆನೋ ಏನೋ. ಆದರೆ ಒಂದು ದಿನ ನಮ್ಮ ಮನೆಯ ಮಾಲೀಕರ ಹೆಂಡತಿ ಮಹಡಿಯಿಂದ ಬಗ್ಗಿ ನೋಡಿ, "ನಿಮ್ಮ ಕಡೆಯವರಿಗೆ ಎತ್ತಿನ ಗಾಡಿ ಬಿಟ್ಟು ಬೇರೆ ಏನಾದರೂ ಹತ್ತಿ ರೂಢಿ ಇದೆಯೇನ್ರೀ?" ಎಂದುಬಿಟ್ಟರು. ಕೇಳಿದ್ದು ಕನಿಕರದಿಂದಲೇ ಇರಬಹುದು. ನನಗೆ ಮಾತ್ರ ಉರಿದುಹೋಯಿತು! ಆ ಕ್ಷಣವೇ ನನ್ನ ಪ್ರತಿಜ್ಞೆ ಹುಟ್ಟಿತು. ಭೀಷಣ ಪ್ರತಿಜ್ಞೆ!

ನಮ್ಮವರು ತುತ್ತು ನುಂಗಿ ಸಮಾಧಾನದಿಂದ ಹೇಳಿದರು. "ಅಲ್ಲಾ, ಇಲ್ಲಿ ರೈಲು ಹತ್ತಿ ಗುಂತಕಲ್ಲಿನ್ಯಾಗ ಒಮ್ಮಿ ಬದಲಿ ಮಾಡಿದರ ಸೀದಾ ಯಾದಗಿರಿ. ವಿಮಾನ ನಿನ್ನ ಹೈದರಾಬಾದಿಗಿ ಒಯ್ತದ. ಅಲ್ಲಿಂದ ಮತ್ತ ರೈಲು ಹತ್ತಿ ವಾಡಿ, ವಾಡಿಯಿಂದ ಯಾದಗಿರಿ. ನಮ್ಮೂರಿಗಿ ಹೋಗಾಕ ನಮ್ಮೂರು ಬಿಟ್ಟು ಮುಂದಕ ಹೋಗಿ ಹಿಂದಕ ಬರ್ತಿಯೇನು?"

"ರೈಲು ಕುಲುಕಾಡತದ್ರಿ. ಇಲ್ಲಿಗಿ ಬರೂವಾಗ ಅದರಾಗೇ ಬಂದೇನಿ, ಸಾಕಾಗ್ಯಾದ. ವಿಮಾನ ಆದರ ಎರಡೇ ತಾಸು!"

"ಎರಡು ಹುಡುಗರ್ನ ಕಟಗೊಂಡು ಒಬ್ಬಾಕೀನೇ? ನನಗ ರಜಾ ಸಿಗಂಗಿಲ್ಲ. ಬಹಳ ಹಾರಾಡಬ್ಯಾಡ!"

"ಹಾರಾಡಾಕ ಹೊಂಟೇನಿ ಅಂತನ ಹೇಳಾಕತ್ತೇನಲ್ರಿ!"

ಉರ್ದು ಬಲ್ಲ ಗಂಡ ಉರ್ದುವಿನಲ್ಲೇ ಏನೋ ಗೊಣಗಿ ಕೈ ತೊಳೆದರು. ವಾರದೊಳಗೆ ಟಿಕೆಟು ಬಂತು. ಡಾಕ್ಟರಮ್ಮನವರು "ಆರು ತಿಂಗಳು, ಆರೋಗ್ಯವಾಗಿದ್ದಾರೆ, ಪ್ರಯಾಣ ಮಾಡಬಹುದು" ಎಂದು ಚೀಟಿಯನ್ನೂ ಬರೆದುಕೊಟ್ಟರು. ನಾನು ಮಹಡಿಗೆ ಕೇಳುವಂತೆ ಮೂರು ಸಲ ಓದಿಸಿಕೊಂಡೆ.

ತೊಡಕು ಬಂದದ್ದು ಸಾಮಾನು ಕಟ್ಟುವಾಗ. ವಿಮಾನದವರು ಇಷ್ಟೇ ಪೌಂಡು ಎಂದು ಮಿತಿ ಹಾಕಿದ್ದರು. ನಮ್ಮ ಬಟ್ಟೆಬರೆ ತುಂಬಿದ ಟ್ರಂಕೇ ಆ ಮಿತಿಯನ್ನು ಮುಟ್ಟಿ ಕೂತಿತ್ತು. ಹೊರಗೆ ಉಳಿದದ್ದು ಎರಡು ತಗಡಿನ ಡಬ್ಬಿ ಮೈಸೂರು ಪಾಕು, ನಾಲ್ಕು ಪೊಟ್ಟಣ ಕಾಫಿಪುಡಿ, ಒಂದು ಡಜನ್ ಗಂಧದ ಸೋಪು.

"ಅವನ್ನ ಬಿಟ್ಟು ಹೋಗು" ಎಂದರು ನಮ್ಮವರು.

ಬಿಟ್ಟು ಹೋಗುವುದೇ! ಬೆಂಗಳೂರಿನಿಂದ ಮಗಳು ಬರಿಗೈಯಲ್ಲಿ ಬಂದಳೆಂದು ವನದುರ್ಗದ ಕೋಟೆಯ ಕಲ್ಲುಗಳೂ ಆಡಿಕೊಂಡಾವು! ನಾನು ಡಬ್ಬಿ ನೋಡಿದೆ. ನನ್ನ ಹೊಟ್ಟೆ ನೋಡಿಕೊಂಡೆ. ಮಹಾ ಮಹಾ ವಿಜ್ಞಾನಿಗಳಿಗೆ ಹೊಳೆಯುತ್ತದಲ್ಲ, ಹಾಗೆ ಹೊಳೆಯಿತು.

ಮರುದಿನ ಬೆಳಿಗ್ಗೆ ನಮ್ಮವರ ಹಳೆಯ ಧೋತರವೊಂದನ್ನು ಉದ್ದಕ್ಕೆ ಮಡಚಿದೆ. ಕೂಸಿನ ಮೇಲೆ ಭಾರ ಬೀಳದಂತೆ ಎಡಪಕ್ಕೆಗೊಂದು ಡಬ್ಬಿ, ಬಲಪಕ್ಕೆಗೊಂದು ಡಬ್ಬಿ, ನಡುನಡುವೆ ಕಾಫಿ ಪೊಟ್ಟಣ, ಹಿಂದೆ ಸೊಂಟದ ಸುತ್ತ ಸೋಪಿನ ಸಾಲು. ಸುತ್ತಿ ಬಿಗಿದು, ಮೇಲೆ ಸೀರೆ ಉಟ್ಟು, ಸೆರಗು ಹೊದ್ದು ಹೊರಗೆ ಬಂದೆ. ನಮ್ಮವರು ಬೆಚ್ಚಿ ಎದ್ದು ನಿಂತರು.

"ಏನಿದು? ನಿನ್ನಿ ಆರು ತಿಂಗಳಿತ್ತಲ್ಲ!"

"ಸಾಮಾನಿಗಿ ಮಿತಿ ಹಾಕ್ಯಾರ್ರಿ. ಹೊಟ್ಟಿಗಿ ಹಾಕಿಲ್ಲ!"

ವಿಮಾನ ನಿಲ್ದಾಣದಲ್ಲಿ ಬಿಳಿ ಅಂಗಿಯ ಅಧಿಕಾರಿಯೊಬ್ಬರು ನಮ್ಮ ಟ್ರಂಕು ತೂಗಿದರು. ಸರಿಯಾಗಿತ್ತು. ಆಮೇಲೆ ಡಾಕ್ಟರ ಚೀಟಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಚೀಟಿ ನೋಡಿದರು.

"ಎಷ್ಟು ತಿಂಗಳಮ್ಮ?"

"ಆರು."

"ಆರೇ?"

"ನಮ್ಮ ಕಡಿ ಜ್ವಾಳದ ರೊಟ್ಟಿ ಉಂಡವರ ಆರು ಹಿಂಗೇ ಇರತದ್ರಿ!"

ಪಾಪ, ಮರ್ಯಾದಸ್ಥರು. ಹೆಂಗಸಿನೊಡನೆ ಲೆಕ್ಕಕ್ಕೆ ನಿಲ್ಲಲಿಲ್ಲ. ಆದರೆ ಮೂಗರಳಿಸಿ, "ಎಲ್ಲೋ ಒಳ್ಳೆ ಕಾಫಿ ಘಮ ಬರ್ತಾ ಇದೆಯಲ್ಲ" ಎಂದರು. ನೀಲಾ ಕೂಡಲೇ, "ಅದು ಅವ್ವನ..." ಎಂದು ಶುರು ಮಾಡಿದಳು. ನಾನು ಅವಳ ರಟ್ಟೆ ಚಿವುಟಿದೆ. ಅವಳು ಅತ್ತಳು. ಅವಳು ಅತ್ತದ್ದು ನೋಡಿ ಮಾನು ಅತ್ತ. ಅಧಿಕಾರಿ ಗಾಬರಿಯಾಗಿ, "ಹೋಗಿ ತಾಯಿ, ಹೋಗಿ" ಎಂದು ದಾರಿ ಬಿಟ್ಟರು. ದೂರದಲ್ಲಿ ಕಟಕಟೆ ಹಿಡಿದು ನಿಂತಿದ್ದ ನಮ್ಮವರತ್ತ ನಾನು ಯುದ್ಧ ಗೆದ್ದ ರಾಣಿಯಂತೆ ಕೈ ಬೀಸಿದೆ.

ವಿಮಾನದೊಳಗೆ ಕುಳಿತಾಗ ಮೊದಲ ಸತ್ಯ ತಿಳಿಯಿತು. ನಿಂತಾಗ ಹಿತವಾಗಿದ್ದ ಡಬ್ಬಿಗಳು ಕೂತಾಗ ಪಕ್ಕೆಲುಬಿಗೆ ಚುಚ್ಚುತ್ತವೆ! ಎರಡನೆಯ ಸತ್ಯ, ಕುರ್ಚಿಯ ಪಟ್ಟಿ ನನ್ನನ್ನು ಸುತ್ತಿ ಬರುವುದಿಲ್ಲ. ಎರಡೂ ತುದಿಗಳನ್ನು ಸೆರಗಿನ ಕೆಳಗೆ ಕೈಯಲ್ಲೇ ಹಿಡಿದು, ಕಟ್ಟಿಕೊಂಡವಳಂತೆ ಗಂಭೀರವಾಗಿ ಕುಳಿತೆ. ಪಕ್ಕದ ಕುರ್ಚಿಯಲ್ಲಿ ಮಕ್ಕಳಿಬ್ಬರೂ ಕಿಟಕಿಗೆ ಮೂಗು ಒತ್ತಿದ್ದರು. ವಿಮಾನ ಭರ್ರೆಂದು ಓಡಿ ನೆಲ ಬಿಟ್ಟಿತು. ನಾನು ಕಣ್ಣು ಮುಚ್ಚಿ ಊರಿನ ದೇವರನ್ನೆಲ್ಲ ಹೆಸರು ಹಿಡಿದು ಕರೆದೆ.

ಸ್ವಲ್ಪ ಹೊತ್ತಿಗೆ ಬೆಂಗಳೂರಿನ ಹುಡುಗಿಯೊಬ್ಬಳು, ಗಗನಸಖಿ ಎನ್ನುತ್ತಾರಲ್ಲ ಅವಳು, ತಟ್ಟೆಯಲ್ಲಿ ಪೆಪ್ಪರಮಿಂಟು ಮತ್ತು ಹತ್ತಿ ತಂದಳು. "ಹತ್ತಿ ಕಿವಿಗೆ, ಪೆಪ್ಪರಮಿಂಟು ಬಾಯಿಗೆ" ಎಂದು ನಕ್ಕು ಮುಂದೆ ಹೋದಳು. ನಮ್ಮ ಮಾನು ಹತ್ತಿಯನ್ನು ಬಾಯಿಗಿಟ್ಟುಕೊಂಡ. ಪೆಪ್ಪರಮಿಂಟನ್ನು ಒಮ್ಮೆ ಚೀಪಿ, ಚೆನ್ನಾಗಿ ಅಂಟು ಬರಿಸಿ, ಕಿವಿಗೆ ತುರುಕಿಕೊಂಡ!

"ಅವ್ವಾ, ಕಿವಿಗಿ ಕೇಳಸವಲ್ತು!" ಎಂದು ಅವನು ಕಿರುಚಿದ್ದು ಇಡೀ ವಿಮಾನಕ್ಕೆ ಕೇಳಿಸಿತು.

ಕಿವಿಯಿಂದ ಪೆಪ್ಪರಮಿಂಟು ಕೀಳಲೆಂದು ನಾನು ಅವನತ್ತ ಬಗ್ಗಿದೆ. ಅದೇ ಹೊತ್ತಿಗೆ ವಿಮಾನ ಮೋಡದೊಳಗೆ ಹೊಕ್ಕು ಧಡಕ್ಕನೆ ಕೆಳಗಿಳಿಯಿತು. ಪೆಪ್ಪರಮಿಂಟು ನನ್ನ ಕೈಗೆ ಬಂತು, ಎಡಗಡೆಯ ಡಬ್ಬಿಯ ಮೂಲೆ ಪಕ್ಕೆಗೆ ನಾಟಿತು.

"ಅಯ್ಯಯ್ಯಪ್ಪೋ! ಸತ್ತೆನೋ ಯವ್ವಾ!"

ಹುಡುಗಿ ಓಡಿಬಂದಳು. ಬಿಚ್ಚಿ ಬಿದ್ದ ಪಟ್ಟಿ ಕಂಡಳು. ಬೆವರಿದ ನನ್ನ ಮುಖ ಕಂಡಳು. ಬೆಟ್ಟದಂಥ ಹೊಟ್ಟೆ ಕಂಡಳು. ಅವಳ ಮುಖದ ಬಣ್ಣವೇ ಇಳಿಯಿತು.

"ಅಮ್ಮಾ, ನೋವು ಬಂತಾ?"

"ಬಂದದವ್ವ... ಆದರ ಆ ನೋವಲ್ಲ..." ಎನ್ನುವಷ್ಟರಲ್ಲಿ ಅವಳು ಚಾಲಕರ ಕೋಣೆ ಸೇರಿಯಾಗಿತ್ತು! ಹೊರಗೆ ಬಂದವಳೇ ನಡುವಿನ ಓಣಿಯಲ್ಲಿ ಕಂಬಳಿ ಹಾಸಿ ನನ್ನನ್ನು ಅಂಗಾತ ಮಲಗಿಸಿದಳು. ನಾನು ಮೇಲಿನ ಛಾವಣಿಯನ್ನು, ನಮ್ಮ ಕಡೆ ಛತ್ತು ಎನ್ನುತ್ತೇವಲ್ಲ ಅದನ್ನು, ನೋಡುತ್ತ ಬಿದ್ದೆ. "ಯಾರಾದರೂ ಡಾಕ್ಟರ್ ಇದ್ದೀರಾ?" ಎಂದು ಕೂಗಿದಳು.

ಹಿಂದಿನ ಸಾಲಿನಿಂದ ಕರಿ ಟೋಪಿಯ, ನರೆತ ಗಡ್ಡದ ಒಬ್ಬರು ಸಂಕೋಚದಿಂದ ಎದ್ದು ಬಂದು ನನ್ನ ಪಕ್ಕ ಮೊಣಕಾಲೂರಿದರು. ನನ್ನ ನರಳಾಟದ ಭಾಷೆಯಿಂದಲೇ ಊರು ಗುರುತಿಸಿದ್ದರು.

"ಬಾಯೀ, ನಾನು ಡಾಕ್ಟರ್ ಇರೂದು ಖರೇ. ಜಲಾಲುದ್ದೀನ ಅಂತ. ಆದರ ಸುರಪುರದ ದನದ ದವಾಖಾನಿ ಡಾಕ್ಟರ್!"

"ಫಿಕರಿಲ್ರಿ, ನಾವೂ ಕುರಿ ಮಂದೀನೇ!"

ಅವರು ನನ್ನ ಮುಖ ನೋಡದೆ, ಬಹಳ ಮರ್ಯಾದೆಯಿಂದ, ಸೆರಗಿನ ಮೇಲೆಯೇ ಎರಡು ಬೆರಳಿಟ್ಟು ಪಕ್ಕೆಯನ್ನು ಮೆಲ್ಲಗೆ ಬಡಿದರು.

ಟಣ್!

ಡಾಕ್ಟರು ಬೆರಳು ಹಿಂದೆಳೆದುಕೊಂಡರು. ಇನ್ನೊಂದು ಪಕ್ಕಕ್ಕೆ ಬಡಿದರು.

ಟಣ್!

"ಯಾ ಅಲ್ಲಾ!" ಎಂದು ಪಿಸುಗುಟ್ಟಿದರು. "ಬಾಯೀ, ಇಪ್ಪತ್ತು ವರ್ಷ ನೌಕರಿ ಮಾಡೇನಿ. ಎಮ್ಮಿ ನೋಡೇನಿ, ಕುದರಿ ನೋಡೇನಿ. ಟಣ್ ಅನ್ನೂ ಬಚ್ಚಾ ಎಲ್ಲೂ ನೋಡಿಲ್ಲ!"

ನಾನು ಅವರ ಕಿವಿಗಷ್ಟೇ ಬೀಳುವಂತೆ ಎಲ್ಲ ಹೇಳಿದೆ. ಮೈಸೂರು ಪಾಕು, ಕಾಫಿಪುಡಿ, ಸೋಪು, ಒಂದನ್ನೂ ಬಿಡಲಿಲ್ಲ. ಅವರ ಗಡ್ಡ ಅಲುಗತೊಡಗಿತು. ನಗು ತಡೆಯುತ್ತಿದ್ದರು.

"ಹೇಳಿಬಿಡ್ರಿ ಆ ಹುಡುಗಿಗಿ."

"ಜೈಲಿಗಿ ಹಾಕ್ತಾರೇನ್ರಿ?"

"ಮೈಸೂರ ಪಾಕಕ್ಕ ಜೈಲಿಲ್ಲ. ಮಂದಿ ನಗ್ತಾರ, ಅಷ್ಟೇ."

"ಅದಕಿಂತ ಜೈಲೇ ಛಲೋ ರೀ!"

ಅವರು ಎದ್ದು, "ಇನ್ನಾ ವ್ಯಾಳ್ಯಾ ಅದ, ಹೆದರಬ್ಯಾಡ್ರಿ, ಹಿಂಗೇ ಮಲಗಿರಲಿ" ಎಂದು ಎಲ್ಲರಿಗೂ ಹೇಳಿದರು. ಸುಳ್ಳಲ್ಲ, ಇನ್ನೂ ಮೂರು ತಿಂಗಳು ವೇಳೆಯಿತ್ತು! ಆದರೆ ಆ ಹೊತ್ತಿಗೆ ಚಾಲಕರು ಹೈದರಾಬಾದಿಗೆ ತಂತಿಯಿಲ್ಲದ ತಂತಿಯಲ್ಲಿ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಯಾರೋ ತಲೆಗೆ ಕೋಟು ಮಡಚಿಟ್ಟರು. ಯಾರೋ ಬೀಸಣಿಗೆ ಬೀಸಿದರು. ಮಾರ್ವಾಡಿ ಮುದುಕಿಯೊಬ್ಬಳು ನನ್ನ ಕಾಲ ಬಳಿ ಕೂತು ಜಪ ಹಿಡಿದಳು. ನಡುವೆ ನಮ್ಮ ನೀಲಾ ಬೇರೆ, "ಅವ್ವನ ಹೊಟ್ಟ್ಯಾಗ ಒಂದು ಕೂಸು ಅದ, ಎರಡು ಡಬ್ಬಿ ಅವ" ಎಂದು ಊರಿಗೆಲ್ಲ ಸಾರಿದಳು. ಪುಣ್ಯಕ್ಕೆ ಯಾರೂ ನಂಬಲಿಲ್ಲ. "ಪಾಪ, ಮಗು ಹೆದರಿ ಏನೇನೋ ಹೇಳ್ತಿದೆ" ಎಂದು ಹುಡುಗಿ ಅವಳಿಗೆ ಇನ್ನೊಂದು ಹಿಡಿ ಪೆಪ್ಪರಮಿಂಟು ಕೊಟ್ಟಳು.

ಹೈದರಾಬಾದಿನಲ್ಲಿ ನನ್ನ ತಮ್ಮ ಬೀರಣ್ಣ ನನ್ನನ್ನು ಎದುರುಗೊಳ್ಳಲು ವನದುರ್ಗದಿಂದ ಬಂದು ನಿಂತಿದ್ದ. ಅಕ್ಕ ವಿಮಾನದ ಮೆಟ್ಟಿಲಲ್ಲಿ ನಿಂತು ಕೈ ಬೀಸುತ್ತಾಳೆಂದು ರುಮಾಲು ಸುತ್ತಿಕೊಂಡು ಕಾದಿದ್ದಾನೆ. ಬಾಗಿಲು ತೆರೆಯಿತು. ಮೊದಲು ಇಳಿದದ್ದು ಸ್ಟ್ರೆಚರು! ಅದರ ಮೇಲೆ ನಾನು, ತಲೆತುಂಬ ಸೆರಗು ಎಳೆದುಕೊಂಡು. ನಾಚಿಕೆಗೆ ಮುಖ ಮುಚ್ಚಿದ್ದೆ. ಅವನು ಅರ್ಥ ಮಾಡಿಕೊಂಡದ್ದೇ ಬೇರೆ. "ಅಕ್ಕಾ!" ಎಂದು ಚೀರಿದವನು ಮಕ್ಕಳನ್ನು ಎರಡೂ ಕಂಕುಳಲ್ಲಿ ಎತ್ತಿಕೊಂಡು ಎತ್ತಲೋ ಓಡಿದ.

ದವಾಖಾನೆಯಲ್ಲಿ ಡಾಕ್ಟರ್ ಆಮೀನಾ ಎಂಬ ಎತ್ತರದ ಹೆಂಗಸು ಪರದೆ ಎಳೆದು, ನನ್ನ ಸೀರೆ ಸಡಿಲಿಸಿ, ಧೋತರದ ಗಂಟು ಬಿಚ್ಚಿದರು. ಮೊದಲು ಸೋಪುಗಳು ಉದುರಿದವು. ಆಮೇಲೆ ಕಾಫಿ. ಆಮೇಲೆ ಅವಳಿ ಡಬ್ಬಿಗಳು. ದಾದಿಯರು ಬಾಯಿಗೆ ಸೆರಗು ತುರುಕಿಕೊಂಡರು. ಡಾಕ್ಟರಮ್ಮ ನಗಲಿಲ್ಲ. ಧೋತರ ಬಿಗಿದಲ್ಲಿ ಹೊಟ್ಟೆಯ ಮೇಲೆ ಎದ್ದಿದ್ದ ಕೆಂಪು ಬರೆಗಳನ್ನು ಕೈಯಿಂದ ಸವರಿದರು. ಸಣ್ಣ ಕಹಳೆಯಂಥ ಕೊಳವೆಯೊಂದನ್ನು ಊರಿ ಕಿವಿಯಿಟ್ಟರು.

ಕೇಳಿದರು. ಕೊಳವೆ ಸರಿಸಿದರು. ಮತ್ತೆ ಕೇಳಿದರು.

ಓದುಗರೇ, ಆಕಾಶದಲ್ಲಿ ಹೆದರಿದ್ದು ಏನೂ ಅಲ್ಲ, ನಾನು ನಿಜವಾಗಿ ಹೆದರಿದ್ದು ಆಗ. ಬೆಳಗಿನಿಂದ ಕೂಸು ಒದ್ದದ್ದೇ ನೆನಪಾಗಲಿಲ್ಲ. ಇಷ್ಟು ಹೊತ್ತು ಡಬ್ಬಿಯ ಚಿಂತೆ, ಮರ್ಯಾದೆಯ ಚಿಂತೆ. ಡಬ್ಬಿ ಕಟ್ಟಿದ ಮೇಲೆ ಒಳಗಿದ್ದ ಜೀವದ ಚಿಂತೆ ಒಂದು ಸಲವೂ ಬರಲಿಲ್ಲವಲ್ಲ! ಯಾರದೋ ಮಹಡಿಯ ಮಾತಿಗೆ ಹಟ ಹಿಡಿದು ಎಂಥ ಕೆಲಸ ಮಾಡಿಕೊಂಡೆ ಎಂದು ಕಣ್ಣೀರು ಕಿವಿಯತ್ತ ಹರಿಯಿತು.

"ಡಾಕ್ಟರಮ್ಮಾ, ನನ್ನ ಕೂಸು?" ಎಂದೆ.

ಅವರು ತಲೆಯೆತ್ತಿದರು. ನಮ್ಮ ಕಡೆಯ ಕನ್ನಡವನ್ನು ಉರ್ದುವಿನಲ್ಲಿ ಅದ್ದಿ ಗದರಿದರು. "ಕೂಸಿಗಿ ಏನಾಗ್ಯಾದ? ಮಜಬೂತ ಅದ! ದಿಲ್ ಕುದರಿ ಓಡಿದಂಗ ಓಡಾಕತ್ತದ. ಅಕಲ್ ಇಲ್ಲದ್ದು ತಾಯಿಗಿ!"

ಆ ಬೈಗುಳದಷ್ಟು ಸಿಹಿ ಮಾತನ್ನು ನಾನು ಇಂದಿಗೂ ಕೇಳಿಲ್ಲ. ಒಂದು ದಿನ ಅಲ್ಲೇ ಮಲಗಿಸಿಕೊಂಡರು. ಹೆರಿಗೆಯಾಯಿತೆಂದ ಮೇಲೆ ಸಿಹಿ ಹಂಚಲೇಬೇಕೆಂದು ದಾದಿಯರು ಒಂದು ಡಬ್ಬಿಯನ್ನು ಅಲ್ಲೇ ಖಾಲಿ ಮಾಡಿದರು.

ಮರುದಿನ ಬೀರಣ್ಣ, ನಾನು, ಮಕ್ಕಳು ರೈಲು ಹಿಡಿದು ವಾಡಿಗೆ ಬಂದೆವು. ಯಾದಗಿರಿಯ ಗಾಡಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ಕೂತಿದ್ದೆವು. ಎದುರಿಗೆ ಹೈದರಾಬಾದಿನತ್ತ ಹೋಗುವ ಗಾಡಿ ಸಿಳ್ಳೆ ಹಾಕಿ ಹೊರಟಿತು. ನೀಲಾ ಎದ್ದು ಕುಣಿದಳು.

"ಅವ್ವಾ, ಆಯಿ ಹೊಂಟಾಳ! ಅಗಾ, ಆ ಡಬ್ಬಿನ್ಯಾಗ ಆಯಿ!"

"ಸುಮ್ಮ ಕೂಡು. ನಿಮ್ಮಾಯಿ, ನಮ್ಮವ್ವ, ವನದುರ್ಗ ಬಿಟ್ಟು ಶಹಾಪುರದ ಸಂತಿ ದಾಟಿದಾಕಿ ಅಲ್ಲ. ರೈಲಿನ್ಯಾಗ ಎಲ್ಲಿ ಬರ್ತಾಳ?"

"ಖರೇನವ್ವಾ! ಹಸರ ಸೀರಿ! ಅಳಾಕತ್ತಾಳ!"

ನಾನು ನಕ್ಕು ಬೀರಣ್ಣನತ್ತ ತಿರುಗಿದೆ. ಅವನ ಮುಖ ಬೂದಿಯಾಗಿತ್ತು.

"ಅಕ್ಕಾ... ನಿನ್ನ ಸ್ಟ್ರೆಚರ ಮ್ಯಾಲ ನೋಡಿದ ಕೂಡ್ಲೆ... ಊರಿಗಿ ಒಂದು ತಾರ ಬಡದಿದ್ದೆ."

"ಏನಂತ?"

"ರೇಣಮ್ಮ ದವಾಖಾನಿ ಸೇರ್ಯಾಳ, ಅವ್ವನ್ನ ಜಲ್ದಿ ಕಳಸ್ರಿ ಅಂತ."

"ಮ್ಯಾಲೆ ಇನ್ನೊಂದು ತಾರ ಕೊಡಾಕ ಏನಾಗಿತ್ತೋ ನಿನಗ? ಆರಾಮ ಅದಾಳ ಅಂತ!"

"ಮೈಸೂರ ಪಾಕ ಹಂಚೂ ಗಡಬಿಡಿಯೊಳಗ ಮರತೆ."

ಗಾಡಿಯ ಕೊನೆಯ ಡಬ್ಬಿ ತಿರುವಿನಲ್ಲಿ ಮಾಯವಾಯಿತು. ಬೀರಣ್ಣ ಮುಂದಿನ ಗಾಡಿಗೆ ಅವ್ವನ ಬೆನ್ನು ಹತ್ತಿ ಮತ್ತೆ ಹೈದರಾಬಾದಿಗೆ ಹೋದ. ನಾನು ಮಕ್ಕಳೊಡನೆ ಯಾದಗಿರಿಗೆ ಬಂದು, ಬಸ್ಸಿನಲ್ಲಿ ಶಹಾಪುರ ಸೇರಿ, ಅಲ್ಲಿಂದ ವನದುರ್ಗಕ್ಕೆ ಹೊರಟೆ. ಯಾವುದರಲ್ಲಿ ಎಂದು ಕೇಳಬೇಡಿ. ಎತ್ತಿನ ಗಾಡಿಯಲ್ಲಿ!

ಅಪ್ಪ ಹಟ್ಟಿಯ ಮುಂದೆ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ನನ್ನನ್ನು ಕಂಡು ಮರಿಯನ್ನು ಕೈಬಿಟ್ಟ.

"ನೀ ಇಲ್ಲಿ ಬಂದಿ. ನಿಮ್ಮವ್ವ ನಿನ್ನ ನೋಡಾಕ ಅಲ್ಲಿ ಹೋಗ್ಯಾಳಲ್ಲವ್ವ!"

ಮೂರು ದಿನ ಅವ್ವ ಬರಲಿಲ್ಲ. ಬಾಣಂತನಕ್ಕೆ ಮೊದಲು ಮೈ ಚೆಲ್ಲಿ ಮಲಗುತ್ತೇನೆಂದು ಬಂದ ನಾನು ಮೂರು ದಿನವೂ ಅಪ್ಪನಿಗೆ, ಕುರಿ ಕಾಯುವ ಆಳುಗಳಿಗೆ, ಮಕ್ಕಳಿಗೆ ರೊಟ್ಟಿ ಬಡಿದೆ. ಉಳಿದ ಡಬ್ಬಿಯ ಮೈಸೂರು ಪಾಕು ಕುಲುಕಾಟಕ್ಕೆ ಪುಡಿಪುಡಿಯಾಗಿತ್ತು. ಅಪ್ಪ ಅದನ್ನು ಹಾಲಿಗೆ ಕಲಸಿ ಕುಡಿದು, "ಬೆಂಗಳೂರ ಹಿಟ್ಟು ಬಾಳ ಛಲೋ ಅದ" ಎಂದ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಬಂದಳು. ನನ್ನನ್ನು ಕಂಡವಳೇ ಮುಖ, ಕೈ, ಹೊಟ್ಟೆ ಎಲ್ಲ ತಡವಿ ನೋಡಿ, ಗೋಳೋ ಎಂದು ಅತ್ತು, ಅಳು ಮುಗಿದ ಮೇಲೆ ಬೆನ್ನಿಗೊಂದು ಗುದ್ದು ಕೊಟ್ಟಳು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಅಂಗಳದಲ್ಲಿ ನೆರೆದರು. ನಾನು ಸೆರಗು ಸರಿಮಾಡಿಕೊಂಡು ಕಟ್ಟೆ ಏರಿದೆ. ವನದುರ್ಗದಿಂದ ಆಕಾಶಕ್ಕೆ ಏರಿದ ಮೊದಲ ಹೆಣ್ಣು ನಾನು! ಕತೆ ಹೇಳುವ ಘಳಿಗೆ ಬಂದಿತ್ತು.

ಆದರೆ ಯಾರೂ ನನ್ನತ್ತ ತಿರುಗಲೇ ಇಲ್ಲ. ಎಲ್ಲರೂ ಅವ್ವನನ್ನು ಮುತ್ತಿಕೊಂಡಿದ್ದರು.

"ಏನ ಹೇಳಲಿ ತಾಯಿ!" ಎಂದು ಅವ್ವ ಶುರು ಹಚ್ಚಿದಳು. "ರೈಲಿನ್ಯಾಗ ಕುಂತರ ಗಿಡ ಎಲ್ಲ ಹಿಂದಕ ಓಡತಾವ. ಹೈದರಾಬಾದಿನ್ಯಾಗ ನಾಕು ಮಿನಾರ ಕಂಡೆ, ಕುತ್ತಿಗಿ ನೊಂದಿತು. ಆ ದವಾಖಾನಿ ಒಳಗ ನನ್ನ ಒಂದು ಸಣ್ಣ ಖೋಲಿನ್ಯಾಗ ನಿಲ್ಲಿಸಿದ್ರು. ಬಾಗಲಾ ಹಾಕಿದ್ರು. ಕಾಲಾಗ ನೆಲಾ ನಡಗಿತು. ಬಾಗಲಾ ತಗದ್ರ ಮೂರನೇ ಮಾಳಿಗಿ! ನಿಂತಲ್ಲೇ ನಿಂತು ಮ್ಯಾಲೆ ಹೋಗೀನಿ!"

"ಯವ್ವಯವ್ವಾ!" ಎಂದಿತು ಅಂಗಳ.

"ಮ್ಯಾಲೆ ಹೋಗಿ ನನ್ನ ಮಗಳು ಎಲ್ಲಿ ಅಂತ ಕೇಳಿದರ ಆ ನರ್ಸ್ ಹುಡುಗ್ಯಾರು ಏನಂದ್ರು ಗೊತ್ತೇನು? ಆ ಡಬ್ಬಿ ಹಡದಾಕಿ ತಾಯಿ ನೀನೇ ಏನು, ಅಂದ್ರು!"

ಅಂಗಳ ಕಿತ್ತುಹೋಗುವಂತೆ ನಗು. ನಾನು ಕಟ್ಟೆಯಿಂದ ಮೆಲ್ಲಗೆ ಇಳಿದು ಗೋಡೆಗೆ ಅಂಟಿಕೊಂಡೆ. ಪಕ್ಕದ ಮನೆಯ ಮುದುಕಿ ಅಯ್ಯಮ್ಮನಿಗೆ ಮಾತ್ರ ನನ್ನ ಮೇಲೆ ಕರುಣೆ ಬಂತು.

"ಏ, ನಗಬ್ಯಾಡ್ರೇ. ಎಷ್ಟಂದ್ರೂ ಆಕಿ ಮುಗಲಿಗಿ ಹೋಗಿ ಬಂದಾಕಿ. ರೇಣವ್ವ, ನೀ ಹೇಳವ್ವ. ಅಷ್ಟು ಎತ್ತರದಾಗಿಂದ ನಿನಗ ಏನೇನು ಕಂಡಿತು? ಹೊಳಿ ಕಂಡಿತೇನು? ಊರು ಕಂಡಾವೇನು?"

ಎಲ್ಲರೂ ನನ್ನತ್ತ ತಿರುಗಿದರು. ಬಾಯಿ ತೆರೆದೆ. ನೆನಪು ಮಾಡಿಕೊಂಡೆ. ಏರುವಾಗ ಕಣ್ಣು ಮುಚ್ಚಿದ್ದೆ. ಏರಿದ ಮೇಲೆ ಕಿಟಕಿಗೆ ಮಕ್ಕಳ ತಲೆ ಅಡ್ಡವಿತ್ತು. ಆಮೇಲೆ ಇಳಿಯುವ ತನಕ ವಿಮಾನದ ಓಣಿಯಲ್ಲಿ ಅಂಗಾತ ಬಿದ್ದಿದ್ದೆ.

"ಛತ್ತು" ಎಂದೆ.

ಅವ್ವ ನನ್ನ ತಲೆ ನೇವರಿಸಿ, ಬಹಳ ಮರುಕದಿಂದ ಹೇಳಿದಳು.

"ಛತ್ತು ನೋಡಾಕ ಅಷ್ಟು ದೂರ ಯಾಕ ಹೋದಿ ತಾಯಿ? ಇಲ್ಲೇ ಒಳಗ ಚಾಪಿ ಹಾಕಿ ಕೊಡ್ತಿದ್ದೆನಲ್ಲ!"